ಕೀಲಿಯಿಂದ ಅಕ್ಷರಕ್ಕೆ



ಕಂಪ್ಯೂಟರಿನ ಕೀಲಿಮಣೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಅಚ್ಚಾಗಿರುವುದನ್ನು ನೀವೆಲ್ಲರೂ ಕಂಡಿದ್ದೀರಿ. ಅದನ್ನು ನೋಡಿದವರಲ್ಲಿ ಹಲವರು, ಈ ಯಂತ್ರವು ಇಂಗ್ಲಿಷಿಗಾಗಿಯೇ ಹುಟ್ಟಿದ್ದೆಂದೂ ಕನ್ನಡಕ್ಕೆ ಅದರಲ್ಲಿ ಸಹಜವಾದ ಸ್ಥಾನವಿಲ್ಲವೆಂದೂ ಭಾವಿಸುತ್ತಾರೆ. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳುಹಿಸುವ ರೂಢಿ ಬೆಳೆಯುವುದಕ್ಕೆ ಈ ಭಾವನೆಯೂ ಒಂದು ಕಾರಣ. ಆದರೆ ಯಂತ್ರದ ಒಳಗಿನ ವ್ಯವಹಾರವನ್ನು ಬಲ್ಲವರು ಹೀಗೆ ಹೇಳಲಾರರು. ಕೀಲಿಯು ಯಾವ ಭಾಷೆಯ ಅಕ್ಷರವನ್ನೂ ತಾನಾಗಿ ಬರೆಯುವುದಿಲ್ಲ. ತನ್ನನ್ನು ಒತ್ತಿದರೆಂಬ ವರದಿಯನ್ನಷ್ಟೆ ಅದು ಒಳಗೆ ಕಳುಹಿಸುತ್ತದೆ. ಆ ವರದಿಯನ್ನು ಕೇಳಿ, ಯಾವ ಅಕ್ಷರ ಮೂಡಬೇಕೆಂದು ತೀರ್ಮಾನಿಸುವುದು ಮನುಷ್ಯರು ಬರೆದಿಟ್ಟ ಆಜ್ಞೆಗಳು. ಮನುಷ್ಯರು ಬರೆದದ್ದನ್ನು ನಾವೂ ಕಲಿತು ಬರೆಯಬಹುದು. ಜಾಲಪುಟದಲ್ಲಿ ಈ ಕಾರ್ಯವು ನಡೆಯುವ ಬಗೆಯನ್ನು ಈ ಪಾಠದಲ್ಲಿ ವಿವರಿಸುತ್ತೇವೆ. ಆಜ್ಞೆಗಳನ್ನು ಬರೆಯುವಾಗ ಇಂಗ್ಲಿಷ್ ಲಿಪಿಯನ್ನೇ ಬಳಸಬೇಕಾಗುತ್ತದೆ. ಇಲ್ಲಿ ಅವುಗಳ ಹೆಸರನ್ನೂ ಕೀಲಿಗಳ ಹೆಸರನ್ನೂ ಕನ್ನಡ ಲಿಪಿಯಲ್ಲಿಯೇ ಕೊಟ್ಟಿದ್ದೇವೆ.

ಘಟನೆ ಎಂದರೇನು?

ನಮ್ಮ ಶಾಲೆಯ ಗಂಟೆಯನ್ನು ನೆನೆಯಿರಿ. ಗಂಟೆಗೆ ಸದ್ದು ಮಾಡುವುದಷ್ಟೆ ಗೊತ್ತು. ಬೆಳಿಗ್ಗೆ ಆ ಸದ್ದಾದರೆ ಪ್ರಾರ್ಥನೆಗೆ ಸಾಲು ನಿಲ್ಲುತ್ತೀರಿ. ಮಧ್ಯಾಹ್ನ ಆದರೆ ಊಟಕ್ಕೆ ಏಳುತ್ತೀರಿ. ಸಂಜೆ ಆದರೆ ಮನೆಗೆ ಹೊರಡುತ್ತೀರಿ. ಸದ್ದು ಒಂದೇ, ಅದಕ್ಕೆ ಅರ್ಥವನ್ನು ಕೊಡುವುದು ವೇಳಾಪಟ್ಟಿ. ಜಾಲಪುಟದಲ್ಲಿಯೂ ಹೀಗೆಯೇ. ಕೀಲಿಯನ್ನು ಒತ್ತುವುದು, ಬಿಡುವುದು, ಮೌಸನ್ನು ಚಲಿಸುವುದು, ಅದರ ಗುಂಡಿಯನ್ನು ಅದುಮುವುದು ಇವೆಲ್ಲಕ್ಕೂ ‘ಘಟನೆ’ ಎಂದು ಹೆಸರು. ಪುಟವನ್ನು ತೋರಿಸುವ ಬ್ರೌಸರ್, ಪ್ರತಿಯೊಂದು ಘಟನೆಗೂ ಒಂದು ವರದಿಯನ್ನು ಸಿದ್ಧಪಡಿಸುತ್ತದೆ. ಆ ವರದಿಗೆ ಕಿವಿಗೊಟ್ಟು ಕಾದಿರುವ ಆಜ್ಞೆಗಳ ಗುಂಪಿಗೆ ‘ಲಿಸನರ್’, ಅಂದರೆ ಕೇಳುಗ, ಎನ್ನುತ್ತಾರೆ. ಯಾವ ಘಟನೆಗೆ ಕೇಳುಗನಿಲ್ಲವೋ ಅಲ್ಲಿ ಬ್ರೌಸರ್ ತನ್ನ ಸಹಜಕ್ರಿಯೆಯನ್ನು ನಡೆಸಿ ಸುಮ್ಮನಾಗುತ್ತದೆ.

ಈ ಕೇಳುಗರನ್ನು ಬರೆಯುವ ಭಾಷೆಯ ಹೆಸರು ಜಾವಾಸ್ಕ್ರಿಪ್ಟ್. ೧೯೯೫ನೆಯ ಇಸವಿಯ ಮೇ ತಿಂಗಳಿನಲ್ಲಿ, ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಎಂಬವರು ಇದರ ಮೊದಲ ರೂಪವನ್ನು ಹತ್ತು ದಿನಗಳಲ್ಲಿ ರಚಿಸಿದರು. ಇಂದು ಎಲ್ಲ ಪ್ರಮುಖ ಬ್ರೌಸರುಗಳೂ ಈ ಭಾಷೆಯನ್ನು ಬಲ್ಲವು.

ವರದಿಯು ಸಾಗುವ ದಾರಿಯನ್ನೂ ತಿಳಿದಿರಬೇಕು. ವಿದ್ಯಾರ್ಥಿಯೊಬ್ಬನು ರಜೆಯ ಅರ್ಜಿಯನ್ನು ಮೊದಲು ತರಗತಿಯ ಉಪಾಧ್ಯಾಯರಿಗೆ ಕೊಡುತ್ತಾನೆ. ಅವರು ನೋಡಿದ ಮೇಲೆ ಅದು ಮುಖ್ಯೋಪಾಧ್ಯಾಯರಲ್ಲಿಗೆ ಬರುತ್ತದೆ. ಹಾಗೆಯೇ ಗುಂಡಿಯೊಂದರ ಮೇಲೆ ನಡೆದ ಘಟನೆಯನ್ನು ಮೊದಲು ಆ ಗುಂಡಿಯ ಕೇಳುಗನೂ, ಬಳಿಕ ಗುಂಡಿಯನ್ನು ಒಳಗೊಂಡ ಪೆಟ್ಟಿಗೆಯ ಕೇಳುಗನೂ, ಕಡೆಗೆ ಇಡೀ ಪುಟದ ಕೇಳುಗನೂ ಸಾಮಾನ್ಯವಾಗಿ ಕೇಳುತ್ತಾರೆ. ಆದ್ದರಿಂದ ನೂರು ಗುಂಡಿಗಳಿಗೆ ನೂರು ಕೇಳುಗರು ಬೇಕೆಂದಿಲ್ಲ. ಅವನ್ನು ಹೊತ್ತ ಪೆಟ್ಟಿಗೆಗೆ ಒಬ್ಬನಿದ್ದರೆ ಸಾಕು.

ಕೀಲಿಮಣೆಯ ಘಟನೆಗಳು

ಕೀಲಿಯನ್ನು ಒತ್ತಿದಾಗ ಹುಟ್ಟುವ ಘಟನೆ ‘ಕೀಡೌನ್’. ಬಿಟ್ಟಾಗ ಹುಟ್ಟುವುದು ‘ಕೀಅಪ್’. ಅಕ್ಷರದ ಕೀಲಿಯನ್ನು ಒತ್ತಿ ಹಿಡಿದರೆ ಕೀಡೌನ್ ಮೇಲಿಂದ ಮೇಲೆ ಬರುತ್ತಿರುತ್ತದೆ, ಕೀಅಪ್ ಮಾತ್ರ ಕೊನೆಯಲ್ಲಿ ಒಂದೇ ಸಲ. ಶಿಫ್ಟ್ ಕೀಲಿಗೂ ತನ್ನದೇ ಆದ ಕೀಡೌನ್, ಕೀಅಪ್ ಉಂಟು. ಆದ್ದರಿಂದ ಕೀಡೌನ್‌ಗಳನ್ನು ಎಣಿಸಿ ಬರೆದ ಅಕ್ಷರಗಳ ಲೆಕ್ಕವನ್ನು ಹೇಳಲು ಹೊರಟರೆ ಲೆಕ್ಕ ತಪ್ಪುತ್ತದೆ.

ಪ್ರತಿಯೊಂದು ಕೀಲಿಯ ವರದಿಯಲ್ಲಿ ಎರಡು ಮುಖ್ಯವಾದ ವಿವರಗಳಿರುತ್ತವೆ. ಮೊದಲನೆಯದು ‘ಕೋಡ್’, ಇದು ಕೀಲಿಯು ಮಣೆಯ ಮೇಲೆ ಕುಳಿತಿರುವ ಸ್ಥಾನವನ್ನು ಹೇಳುತ್ತದೆ. ಎರಡನೆಯದು ‘ಕೀ’, ಇದು ಆಗ ಬಳಕೆಯಲ್ಲಿರುವ ಭಾಷಾ ವಿನ್ಯಾಸದಲ್ಲಿ ಆ ಕೀಲಿಗೆ ಬಂದಿರುವ ಅರ್ಥವನ್ನು ಹೇಳುತ್ತದೆ. ಕಂಪ್ಯೂಟರಿನಲ್ಲಿ ಇಂಗ್ಲಿಷ್ ವಿನ್ಯಾಸವಿದ್ದಾಗ ‘ಕೆ’ ಕೀಲಿಯನ್ನು ಒತ್ತಿದರೆ ‘ಕೀ’ ಎಂಬಲ್ಲಿ ಇಂಗ್ಲಿಷಿನ ಕೆ ಇರುತ್ತದೆ. ಅದೇ ಕಂಪ್ಯೂಟರಿನಲ್ಲಿ ಕನ್ನಡ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ಆರಿಸಿಕೊಂಡಾಗ ಅದೇ ಕೀಲಿಗೆ ‘ಕೀ’ ಎಂಬಲ್ಲಿ ಕನ್ನಡದ ಕ ಬರುತ್ತದೆ. ‘ಕೋಡ್’ ಮಾತ್ರ ಎರಡು ಸಲವೂ ಒಂದೇ. ಪೀಠ ಒಂದೇ ಇದ್ದು ಕುಳಿತವರು ಬದಲಾದಂತೆ ಇದು.

ಹತ್ತಿ ಎಂಬ ಮಾತು ಮೂಡುವ ಬಗೆ

ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರಗಳು. ಕನ್ನಡದಲ್ಲಿ ಸ್ವರ, ವ್ಯಂಜನ, ಗುಣಿತ, ಒತ್ತಕ್ಷರಗಳನ್ನೆಲ್ಲ ಸೇರಿಸಿದರೆ ಬರೆಯುವ ರೂಪಗಳು ಸಾವಿರಾರು. ಇವನ್ನು ಇಪ್ಪತ್ತಾರು ಕೀಲಿಗಳಲ್ಲಿ ಅಡಗಿಸುವುದು ಹೇಗೆ? ಇದಕ್ಕೊಂದು ಸರಳವಾದ ಉಪಾಯವನ್ನು ಕಂಡುಕೊಟ್ಟವರು ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ, ೧೯೪೦ರಲ್ಲಿ ಜನಿಸಿದ ಕೆ. ಪಿ. ರಾವ್ ಅವರು. ಕನ್ನಡವನ್ನು ಕಣ್ಣಿಗೆ ಕಾಣುವ ಆಕಾರಗಳಿಂದ ಒಡೆಯದೆ, ಕಿವಿಗೆ ಕೇಳುವ ಧ್ವನಿಗಳಿಂದ ಒಡೆದರೆ ಇಪ್ಪತ್ತಾರು ಕೀಲಿಗಳೂ ಶಿಫ್ಟ್ ಕೀಲಿಯೂ ಸಾಕೆಂಬುದು ಅವರ ವಿನ್ಯಾಸದ ತಿರುಳು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವು ಈ ವಿನ್ಯಾಸವನ್ನೇ ಅನುಸರಿಸಿದೆ.

ನಮ್ಮ ಆದೋನಿಯ ಮಾರುಕಟ್ಟೆಗೆ ಹೆಸರನ್ನು ತಂದ ‘ಹತ್ತಿ’ಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕೆ. ಪಿ. ರಾವ್ ವಿನ್ಯಾಸದಲ್ಲಿ ಈ ಮಾತಿಗೆ ಒತ್ತಬೇಕಾದ ಕೀಲಿಗಳು ಐದು: ಎಚ್, ಟಿ, ಎಫ್, ಟಿ, ಐ. ಒಂದೊಂದನ್ನು ಒತ್ತಿದಾಗಲೂ ತೆರೆಯ ಮೇಲೆ ಕಾಣುವುದು ಹೀಗೆ:

ಎಚ್ ಒತ್ತಿದಾಗ: ಹ
ಟಿ ಒತ್ತಿದಾಗ: ಹತ
ಎಫ್ ಒತ್ತಿದಾಗ: ಹತ್
ಮತ್ತೆ ಟಿ ಒತ್ತಿದಾಗ: ಹತ್ತ
ಐ ಒತ್ತಿದಾಗ: ಹತ್ತಿ

ಎಫ್ ಕೀಲಿಯು ಇಲ್ಲಿ ಹಲಂತದ ಚಿಹ್ನೆ. ವ್ಯಂಜನದಲ್ಲಿ ಅಡಗಿರುವ ಅಕಾರವನ್ನು ಅದು ತೆಗೆದುಹಾಕುತ್ತದೆ. ಹಲಂತದ ಮುಂದೆ ಬಂದ ವ್ಯಂಜನವು ಒತ್ತಾಗಿ ಕೆಳಗಿಳಿಯುತ್ತದೆ. ನೀವು ವ್ಯಾಕರಣದ ತರಗತಿಯಲ್ಲಿ ತ್ + ತ್ + ಇ = ತ್ತಿ ಎಂದು ಬಿಡಿಸಿ ಬರೆಯುವುದಕ್ಕೆ ಇದು ಬಹಳ ಹತ್ತಿರದ್ದು. ವರ್ಣಮಾಲೆಯ ಪಾಠವನ್ನು ಚೆನ್ನಾಗಿ ಕಲಿತವನಿಗೆ ಕೀಲಿಮಣೆಯ ಪಾಠ ಕಠಿಣವಾಗದು.

ಕಂಪ್ಯೂಟರು ಇದನ್ನು ಅಂಕೆಗಳಾಗಿ ಕಾದಿಡುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಪಡಿಸುವ ‘ಯೂನಿಕೋಡ್’ ಎಂಬ ವ್ಯವಸ್ಥೆಯ ಮೊದಲ ಆವೃತ್ತಿಯು ೧೯೯೧ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡವಿತ್ತು. ಅದರ ಪ್ರಕಾರ ‘ಹತ್ತಿ’ಯ ಸಂಖ್ಯೆಗಳು ೩೨೫೭, ೩೨೩೬, ೩೨೭೭, ೩೨೩೬, ೩೨೬೩. ಕಣ್ಣಿಗೆ ಎರಡು ಅಕ್ಷರ, ಯಂತ್ರಕ್ಕೆ ಐದು ಸಂಕೇತ. ಈ ಭೇದವನ್ನು ಮನಸ್ಸಿನಲ್ಲಿಡಿ. ಮುಂದೆ ಇದರಿಂದ ಒಂದು ದೊಡ್ಡ ಮಾತು ಹೊರಡಲಿದೆ.

ಐ ಕೀಲಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ‘ಹತ್ತಿ’ಯಲ್ಲಿ ಅದು ಗುಡಿಸನ್ನು ಕೊಟ್ಟಿತು. ‘ಇಲಿ’ ಎಂದು ಬರೆಯುವಾಗ ಮೊದಲಲ್ಲಿ ಒತ್ತಿದ ಐ ಪೂರ್ಣ ಸ್ವರವಾದ ಇ ಆಗುತ್ತದೆ. ಕೊನೆಯಲ್ಲಿ ಒತ್ತಿದ ಐ ಗುಡಿಸಾಗುತ್ತದೆ. ಹಿಂದಿರುವುದು ವ್ಯಂಜನವೇ ಅಲ್ಲವೇ ಎಂಬುದನ್ನು ನೋಡಿ ಆಜ್ಞೆಯು ನಿರ್ಧರಿಸುತ್ತದೆ. ಜಾಲಪುಟದ ಬರೆಯುವ ಚೌಕಕ್ಕೆ ಇಂತಹ ಕೇಳುಗನನ್ನು ನೇಮಿಸಬೇಕಾದರೆ ಕ್ರಮವು ಹೀಗಿರುತ್ತದೆ:

೧. ಚೌಕದಲ್ಲಿ ಕೀಡೌನ್ ಆದೊಡನೆ ಅದರ ವರದಿಯನ್ನು ಓದು.
೨. ಕಂಟ್ರೋಲ್ ಅಥವಾ ಆಲ್ಟ್ ಕೀಲಿಯೂ ಜೊತೆಗೆ ಒತ್ತಿದ್ದರೆ ಏನನ್ನೂ ಮಾಡದೆ ಹಿಂತಿರುಗು.
೩. ಒತ್ತಿದ ಕೀಲಿಯು ನಮ್ಮ ಅಕ್ಷರಗಳ ಪಟ್ಟಿಯಲ್ಲಿ ಇಲ್ಲದಿದ್ದರೆ ಹಿಂತಿರುಗು.
೪. ಕೀಲಿಯು ಸ್ವರದ್ದಾಗಿದ್ದು, ಕರ್ಸರಿನ ಹಿಂದೆ ವ್ಯಂಜನವಿದ್ದರೆ ಗುಣಿತದ ಚಿಹ್ನೆಯನ್ನು ಆರಿಸು. ಇಲ್ಲವಾದರೆ ಪೂರ್ಣ ಸ್ವರವನ್ನು ಆರಿಸು. ಬೇರೆ ಕೀಲಿಯಾದರೆ ಪಟ್ಟಿಯಲ್ಲಿರುವುದನ್ನೇ ಆರಿಸು.
೫. ಬ್ರೌಸರಿನ ಸಹಜಕ್ರಿಯೆಯನ್ನು ತಡೆ.
೬. ಆರಿಸಿದ್ದನ್ನು ಕರ್ಸರಿನ ಸ್ಥಾನದಲ್ಲಿ ಸೇರಿಸಿ, ಕರ್ಸರನ್ನು ಅದರ ಮುಂದಕ್ಕೆ ಸರಿಸು.

ಎರಡನೆಯ ಹೆಜ್ಜೆಯನ್ನು ಬಿಟ್ಟರೆ, ನಕಲು ಮಾಡಲೆಂದು ಕಂಟ್ರೋಲ್ ಮತ್ತು ಸಿ ಒತ್ತಿದವನ ಚೌಕದಲ್ಲಿ ಚ ಎಂಬ ಅಕ್ಷರವು ಮೂಡಿ ಕೆಲಸ ಕೆಡುತ್ತದೆ. ಮೂರನೆಯದನ್ನು ಬಿಟ್ಟರೆ ಅಳಿಸುವ ಕೀಲಿಯೂ ಟ್ಯಾಬ್ ಕೀಲಿಯೂ ಕೆಲಸ ಮಾಡದೆ ಹೋಗಬಹುದು. ಐದನೆಯ ಹೆಜ್ಜೆಗೆ ‘ಪ್ರಿವೆಂಟ್ ಡಿಫಾಲ್ಟ್’ ಎಂಬ ಆಜ್ಞೆಯಿದೆ. ಅದನ್ನು ಬಿಟ್ಟರೆ ಕನ್ನಡದ ಅಕ್ಷರದ ಪಕ್ಕದಲ್ಲಿ ಇಂಗ್ಲಿಷಿನ ಅಕ್ಷರವೂ ಬಂದು ಕೂರುತ್ತದೆ.

ಇದು ಕೇವಲ ಪಾಠಕ್ಕಾಗಿ ಕಟ್ಟಿದ ಮಾತಲ್ಲ. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ತೆರೆದು ನೋಡಿರಿ. ಅಲ್ಲಿಯ ಬರೆಯುವ ಚೌಕದಲ್ಲಿ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್, ಕೆ. ಪಿ. ರಾವ್ ವಿನ್ಯಾಸ ಮುಂತಾದವುಗಳಿಂದ ನಮಗೆ ಬೇಕಾದುದನ್ನು ಆರಿಸಿಕೊಳ್ಳಬಹುದು. ಜಾವಾಸ್ಕ್ರಿಪ್ಟಿನ ಒಬ್ಬ ಕೇಳುಗನು ಕೀಲಿಯ ವರದಿಯನ್ನು ಹಿಡಿದು, ಕರ್ಸರಿನ ಹಿಂದಿರುವ ಅಕ್ಷರಗಳನ್ನು ನೋಡಿ, ನಿಯಮಗಳ ಪಟ್ಟಿಗೆ ಹೋಲಿಸಿ ಕನ್ನಡವನ್ನು ಮೂಡಿಸುತ್ತಾನೆ. ಕಂಟ್ರೋಲ್ ಮತ್ತು ಎಮ್ ಒತ್ತಿದರೆ ಆ ಸೌಲಭ್ಯವು ನಿಲ್ಲುತ್ತದೆ, ಮತ್ತೆ ಒತ್ತಿದರೆ ಆರಂಭವಾಗುತ್ತದೆ. ಆ ಆಜ್ಞೆಗಳೆಲ್ಲವೂ ಯಾರು ಬೇಕಾದರೂ ಓದಬಹುದಾದಂತೆ ಬಹಿರಂಗವಾಗಿವೆ.

ಮೌಸಿನ ಘಟನೆಗಳು

ಮೌಸನ್ನು ಕಲ್ಪಿಸಿದವರು ಅಮೆರಿಕದ ಡಗ್ಲಸ್ ಎಂಗಲ್‌ಬಾರ್ಟ್. ೧೯೬೮ರ ಡಿಸೆಂಬರ್ ೯ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಭೆಯೊಂದರಲ್ಲಿ ಅವರು ಅದನ್ನು ಬಳಸಿ ತೋರಿಸಿದರು. ಮೌಸಿನ ಗುಂಡಿಯನ್ನು ಅದುಮಿದಾಗ ‘ಮೌಸ್‌ಡೌನ್’, ಬಿಟ್ಟಾಗ ‘ಮೌಸ್‌ಅಪ್’, ಎರಡೂ ಒಂದೇ ವಸ್ತುವಿನ ಮೇಲೆ ನಡೆದಾಗ ಕೊನೆಯಲ್ಲಿ ‘ಕ್ಲಿಕ್’ ಎಂಬ ಘಟನೆಗಳು ಈ ಕ್ರಮದಲ್ಲಿಯೇ ಹುಟ್ಟುತ್ತವೆ. ಬೇಗನೆ ಎರಡು ಸಲ ಮಾಡಿದರೆ ಎರಡನೆಯ ಕ್ಲಿಕ್‌ನ ಬಳಿಕ ‘ಡಬಲ್ ಕ್ಲಿಕ್’ ಹುಟ್ಟುತ್ತದೆ. ಮೌಸನ್ನು ಸುಮ್ಮನೆ ಚಲಿಸಿದರೆ ‘ಮೌಸ್‌ಮೂವ್’.

ಗುಂಡಿಯ ಕೆಲಸಕ್ಕೆ ಕ್ಲಿಕ್ ಘಟನೆಯನ್ನೇ ಆರಿಸಿಕೊಳ್ಳಬೇಕು. ‘ಅಳಿಸು’ ಎಂಬ ಗುಂಡಿಯನ್ನು ಕೈತಪ್ಪಿ ಅದುಮಿದವನು, ಬೆರಳನ್ನು ಎತ್ತದೆ ಮೌಸನ್ನು ಆಚೆಗೆ ಎಳೆದು ಬಿಟ್ಟರೆ ಆ ಗುಂಡಿಗೆ ಕ್ಲಿಕ್ ಹುಟ್ಟುವುದಿಲ್ಲ, ಅವನ ಬರಹವು ಉಳಿಯುತ್ತದೆ. ಮೌಸ್‌ಡೌನ್ ಆದೊಡನೆ ಅಳಿಸುವಂತೆ ಬರೆದಿದ್ದರೆ ಮನಸ್ಸನ್ನು ಬದಲಿಸಲು ಅವನಿಗೆ ಕ್ಷಣವೂ ದೊರೆಯದು.

ಮೌಸ್ ಮತ್ತು ಕೀಲಿಮಣೆಗಳು ಒಂದನ್ನೊಂದು ಮರೆತು ನಡೆಯಲಾರವು. ವಿದ್ಯಾರ್ಥಿಯು ‘ಹತ್ತಿ’ ಎಂದು ಬರೆದು, ಬಳಿಕ ಮೌಸಿನಿಂದ ಆ ಮಾತಿನ ಆರಂಭದಲ್ಲಿ ಕ್ಲಿಕ್ ಮಾಡಿ ಐ ಒತ್ತಿದನೆನ್ನಿ. ಕರ್ಸರು ಈಗ ಮೊದಲಿಗೆ ಬಂದಿರುವುದರಿಂದ ಅಲ್ಲಿ ಇ ಮೂಡಬೇಕು. ಕಳೆದ ಸಲ ಒತ್ತಿದ ಕೀಲಿ ಯಾವುದೆಂದು ತನ್ನ ನೆನಪಿನಲ್ಲಿಟ್ಟುಕೊಂಡ ಕೇಳುಗನಿಗೆ ಕರ್ಸರು ಸರಿದುದು ತಿಳಿಯದೆ ಅವನು ತಪ್ಪುವ ಸಂಭವವುಂಟು. ಆದ್ದರಿಂದಲೇ ನಾಲ್ಕನೆಯ ಹೆಜ್ಜೆಯಲ್ಲಿ ‘ಕರ್ಸರಿನ ಹಿಂದೆ’ ಎಂದು ಬರೆದೆವು. ನೆನಪಿಗಿಂತ ಕಣ್ಣೆದುರಿಗಿರುವುದನ್ನು ನೋಡಿ ನಡೆಯುವುದು ಕ್ಷೇಮ.

ಗೀತಾ ‘ಗತ’ಳಾಗುವ ಬಗೆ

ಈಗ ಆ ದೊಡ್ಡ ಮಾತಿಗೆ ಬರೋಣ. ಪ್ರವೇಶ, ವಿದ್ಯಾರ್ಥಿವೇತನ, ಪರೀಕ್ಷೆ ಇವುಗಳ ಅರ್ಜಿಗಳನ್ನು ಈಗ ಜಾಲಪುಟಗಳಲ್ಲಿ ತುಂಬುವುದೇ ಹೆಚ್ಚು. ಹೆಸರಿನ ಚೌಕದಲ್ಲಿ ಅಂಕೆ, ಪ್ರಶ್ನಾರ್ಥಕ ಚಿಹ್ನೆ ಮೊದಲಾದವು ಬಾರದಿರಲೆಂದು ಪುಟವನ್ನು ಬರೆದವನು ‘ಅಕ್ಷರಗಳನ್ನು ಮಾತ್ರ ಉಳಿಸು, ಉಳಿದುದನ್ನು ಅಳಿಸು’ ಎಂದು ಒಬ್ಬ ಕೇಳುಗನನ್ನು ಇಟ್ಟನೆನ್ನೋಣ. ಅವನ ಉದ್ದೇಶ ಒಳ್ಳೆಯದೇ. ಆದರೆ ಯೂನಿಕೋಡಿನ ವರ್ಗೀಕರಣದಲ್ಲಿ ಕನ್ನಡದ ಸ್ವರ ವ್ಯಂಜನಗಳು ‘ಅಕ್ಷರ’ ಎಂಬ ವರ್ಗಕ್ಕೂ, ಗುಡಿಸು, ಇಳಿ, ಕೊಂಬು, ಹಲಂತ ಮೊದಲಾದವು ‘ಚಿಹ್ನೆ’ ಎಂಬ ಬೇರೊಂದು ವರ್ಗಕ್ಕೂ ಸೇರಿವೆ. ಕೇಳುಗನು ಹೇಳಿದಷ್ಟನ್ನೇ ಮಾಡುತ್ತಾನೆ. ‘ಗೀತಾ’ ಎಂದು ಬರೆದರೆ ಗುಡಿಸಿನ ದೀರ್ಘವೂ ಇಳಿಯೂ ಹೋಗಿ ‘ಗತ’ ಎಂದು ಉಳಿಯುತ್ತದೆ. ‘ಆದೋನಿ’ಯು ‘ಆದನ’ವಾಗುತ್ತದೆ, ‘ಹತ್ತಿ’ಯು ‘ಹತತ’ವಾಗುತ್ತದೆ. ಅರ್ಜಿಯನ್ನು ತುಂಬುವ ಮಗುವಿಗೆ ತನ್ನ ಹೆಸರೇ ತಪ್ಪೆಂಬಂತೆ ತೋರುತ್ತದೆ. ಹೆಸರು ತಪ್ಪಲ್ಲ, ಕೇಳುಗನಿಗೆ ಕನ್ನಡ ತಿಳಿಯದು. ‘ಅಕ್ಷರಗಳನ್ನೂ ಚಿಹ್ನೆಗಳನ್ನೂ ಉಳಿಸು’ ಎಂದು ಒಂದೇ ಮಾತನ್ನು ಸೇರಿಸಿದರೆ ದೋಷವು ಪರಿಹಾರವಾಗುತ್ತದೆ. ಆ ಮಾತನ್ನು ಸೇರಿಸಬೇಕೆಂದು ತಿಳಿಯಲು ಗುಣಿತಾಕ್ಷರವನ್ನು ಬಲ್ಲವನು ಬೇಕು. ಕನ್ನಡ ಮಾಧ್ಯಮದ ಮಕ್ಕಳು ಈ ವಿದ್ಯೆಯನ್ನು ಕಲಿಯಬೇಕೆಂದು ನಾವು ಒತ್ತಾಯಿಸುವುದು ಈ ಕಾರಣದಿಂದಲೇ.

ಹೀಗೆಯೇ, ಹೆಸರು ಹತ್ತು ಅಕ್ಷರ ಮೀರಬಾರದೆಂದು ಮಿತಿಯನ್ನು ಹಾಕಿದರೆ ಯಂತ್ರವು ಸಂಕೇತಗಳನ್ನು ಎಣಿಸುತ್ತದೆ. ‘ಮಂತ್ರಾಲಯ’ ನಮಗೆ ನಾಲ್ಕು ಅಕ್ಷರ, ಅದಕ್ಕೆ ಎಂಟು. ಇಂಗ್ಲಿಷಿನ ಅಳತೆಗೋಲಿನಿಂದ ಕನ್ನಡವನ್ನು ಅಳೆಯಬಾರದು.

ಎಲ್ಲರ ಕೈಗೂ ಎಟುಕಬೇಕು

ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳು ಮೊಬೈಲಿನಲ್ಲಿಯೇ ಪುಟಗಳನ್ನು ತೆರೆಯುತ್ತಾರೆ. ಮೊಬೈಲಿನ ತೆರೆಯ ಮೇಲಿನ ಕೀಲಿಮಣೆಯು ಎಷ್ಟೋ ಸಲ ಯಾವ ಕೀಲಿಯೆಂಬುದನ್ನು ಹೇಳದೆ, ೨೨೯ ಎಂಬ ಒಂದೇ ಸಂಖ್ಯೆಯನ್ನು ಕಳುಹಿಸುತ್ತದೆ. ಮಾತನಾಡಿ ಬರೆಸಿದಾಗಲೂ ಬೇರೆಡೆಯಿಂದ ನಕಲು ಮಾಡಿ ಅಂಟಿಸಿದಾಗಲೂ ಆ ಅಕ್ಷರಗಳಿಗೆ ಕೀಡೌನ್‌ಗಳು ಇರುವುದೇ ಇಲ್ಲ. ಆದ್ದರಿಂದ ಚೌಕದಲ್ಲಿ ಏನು ಬರೆದಿದೆ ಎಂಬುದನ್ನು ಪರೀಕ್ಷಿಸುವವನು ಕೀಲಿಗಳನ್ನು ನಂಬದೆ ‘ಇನ್‌ಪುಟ್’ ಎಂಬ ಘಟನೆಗೆ ಕಿವಿಗೊಡಬೇಕು. ಬರಹವು ಯಾವ ದಾರಿಯಿಂದ ಬಂದರೂ, ಚೌಕದ ಒಳಗಿನದು ಬದಲಾದಾಗ ಅದು ಹುಟ್ಟುತ್ತದೆ.

ಇನ್ನು, ಕಣ್ಣು ಕಾಣದವರು ಮೌಸನ್ನು ಹೇಗೆ ಬಳಸಿಯಾರು? ಅವರು ಎನ್‌ವಿಡಿಎ ಮೊದಲಾದ ತೆರೆಯೋದುಗ ತಂತ್ರಾಂಶಗಳ ಧ್ವನಿಯನ್ನು ಆಲಿಸುತ್ತ, ಟ್ಯಾಬ್ ಕೀಲಿಯಿಂದ ಮುಂದೆ ಸಾಗಿ, ಎಂಟರ್ ಅಥವಾ ಸ್ಪೇಸ್ ಒತ್ತಿ ಕೆಲಸ ನಡೆಸುತ್ತಾರೆ. ನಿಜವಾದ ಗುಂಡಿಯಾದರೆ ಎಂಟರ್ ಒತ್ತಿದಾಗಲೂ ಬ್ರೌಸರ್ ತಾನಾಗಿಯೇ ಕ್ಲಿಕ್ ಘಟನೆಯನ್ನು ಹುಟ್ಟಿಸುತ್ತದೆ. ಅಂದಕ್ಕಾಗಿ ಬಣ್ಣದ ಚೌಕವನ್ನು ಬರೆದು ಅದನ್ನೇ ಗುಂಡಿಯೆಂದು ಕರೆದರೆ, ಟ್ಯಾಬ್ ಕೀಲಿಯು ಅಲ್ಲಿ ನಿಲ್ಲುವುದೂ ಇಲ್ಲ, ಎಂಟರ್ ಕೆಲಸ ಮಾಡುವುದೂ ಇಲ್ಲ. ಮೌಸಿಗೆ ಮಾತ್ರ ತೆರೆಯುವ ಪುಟವು ಅಂತಹವರ ಪಾಲಿಗೆ ಬೀಗ ಹಾಕಿದ ಬಾಗಿಲು.

ಗಡಿನಾಡಿನ ಮಕ್ಕಳಿಗೆ ಒಂದು ಮಾತು

೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವು ಉದಯಿಸಿದಾಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು. ಅಂದಿನಿಂದ ನಮ್ಮ ಮಕ್ಕಳು ಮನೆಯ ಕನ್ನಡವನ್ನೂ ರಾಜ್ಯದ ತೆಲುಗನ್ನೂ ಜೊತೆಯಲ್ಲಿ ಹೊತ್ತು ಬೆಳೆದಿದ್ದಾರೆ. ಇದು ಹೊರೆಯೆಂದು ಕೆಲವರು ಹೇಳುವುದುಂಟು. ಕೀಲಿಮಣೆಯ ವಿಷಯದಲ್ಲಾದರೂ ಇದು ಹೊರೆಯಲ್ಲ. ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾಗಿರಲೆಂದು ರಚಿತವಾದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕನ್ನಡದ ಕ ಇರುವ ಕೀಲಿಯಲ್ಲಿಯೇ ತೆಲುಗಿನ ಕ ಕೂಡ ಇದೆ. ಒಂದನ್ನು ಕಲಿತ ಬೆರಳು ಎರಡನ್ನೂ ಬರೆಯುತ್ತದೆ. ಯೂನಿಕೋಡಿನಲ್ಲಿಯೂ ಈ ಎರಡು ಲಿಪಿಗಳು ನೆರೆಮನೆಯವು: ತೆಲುಗಿನ ಕ ೩೦೯೩, ಕನ್ನಡದ ಕ ೩೨೨೧, ನಡುವಿನ ಅಂತರ ೧೨೮. ಕ ಮಾತ್ರವಲ್ಲದೆ ಗ, ತ, ಮ ಮೊದಲಾದ ಅಕ್ಷರಗಳಿಗೂ ಅಂತರವು ಇಷ್ಟೇ.

ಪೋಷಕರಲ್ಲಿ ಒಂದು ವಿನಂತಿ. ಮೊಬೈಲಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಸೆಟ್ಟಿಂಗ್‌ಗೆ ಹೋಗಿ ಕನ್ನಡ ಕೀಲಿಮಣೆಯನ್ನು ಸೇರಿಸಿಕೊಳ್ಳಬಹುದು. ಅದಕ್ಕಾಗಿ ಹಣವನ್ನು ತೆರಬೇಕಾಗಿಲ್ಲ. ಮಕ್ಕಳು ನಿಮಗೆ ಕಳುಹಿಸುವ ಸಂದೇಶವನ್ನು ಕನ್ನಡ ಲಿಪಿಯಲ್ಲಿಯೇ ಬರೆಯಲೆಂದು ಕೇಳಿರಿ, ನೀವೂ ಹಾಗೆಯೇ ಉತ್ತರಿಸಿರಿ. ಈ ಪಾಠದ ಪ್ರಯೋಗಗಳಿಗೆ ಕಂಪ್ಯೂಟರಿನಲ್ಲಿರುವ ನೋಟ್‌ಪ್ಯಾಡ್ ಮತ್ತು ಒಂದು ಬ್ರೌಸರ್ ಇದ್ದರೆ ಸಾಕು, ಇಂಟರ್ನೆಟ್ ಸಂಪರ್ಕವೂ ಬೇಡ.

ವಿದ್ಯಾರ್ಥಿಗಳೆ, ಯಂತ್ರವು ಕನ್ನಡಕ್ಕೆ ಶತ್ರುವೂ ಅಲ್ಲ, ಮಿತ್ರನೂ ಅಲ್ಲ. ಹೇಳಿಕೊಟ್ಟದ್ದನ್ನು ತಪ್ಪದೆ ಮಾಡುವ ಆಳು ಅದು. ಅದಕ್ಕೆ ಕನ್ನಡವನ್ನು ಹೇಳಿಕೊಡುವ ಕೆಲಸ ಕನ್ನಡವನ್ನು ಬಲ್ಲವರದು, ಅಂದರೆ ನಿಮ್ಮದು.

ಅಭ್ಯಾಸ

೧. ಕೆ. ಪಿ. ರಾವ್ ವಿನ್ಯಾಸದಲ್ಲಿ ‘ಆದೋನಿ’ ಎಂದು ಬರೆಯಲು ಶಿಫ್ಟ್ ಸಹಿತ ಎ, ಡಿ, ಶಿಫ್ಟ್ ಸಹಿತ ಓ, ಎನ್, ಐ ಕೀಲಿಗಳನ್ನು ಒತ್ತಬೇಕು. ಯಾವ ಕೀಲಿಯನ್ನೂ ಹಿಡಿದು ನಿಲ್ಲದಿದ್ದರೆ ಎಷ್ಟು ಕೀಡೌನ್ ಘಟನೆಗಳು ಹುಟ್ಟುತ್ತವೆ? (ಉತ್ತರ: ೭)
೨. ಎಫ್ ಕೀಲಿಯು ಕೆ. ಪಿ. ರಾವ್ ವಿನ್ಯಾಸದಲ್ಲಿ ಹಲಂತವನ್ನೂ ಇನ್‌ಸ್ಕ್ರಿಪ್ಟಿನಲ್ಲಿ ಗುಡಿಸನ್ನೂ ಕೊಡುತ್ತದೆ. ಇದರಿಂದ ಕೀಲಿಯ ವಿಷಯದಲ್ಲಿ ಏನನ್ನು ತಿಳಿಯುವಿರಿ?
೩. ನಿಮ್ಮ ಹೆಸರಿನಿಂದ ಚಿಹ್ನೆಗಳನ್ನೆಲ್ಲ ತೆಗೆದು ಬರೆಯಿರಿ. ಬಳಿಕ ಮೂಲ ಹೆಸರಿನ ಅಕ್ಷರಗಳೆಷ್ಟು, ಸಂಕೇತಗಳೆಷ್ಟು ಎಂದು ಎಣಿಸಿರಿ.
೪. ಮೌಸನ್ನು ಮುಟ್ಟದೆ ಯಾವುದಾದರೂ ಒಂದು ಅರ್ಜಿಯ ಪುಟದಲ್ಲಿ ಮೊದಲಿನಿಂದ ಕೊನೆಯವರೆಗೆ ಸಾಗಲು ಪ್ರಯತ್ನಿಸಿರಿ. ಎಲ್ಲಿ ತಡೆಯಾಯಿತೆಂಬುದನ್ನು ಬರೆದಿಡಿರಿ.